ತಣ್ಣಗೆ ಕುದಿದ ಲೋಟ

ತಂಗಿ ಫೋನ್ ಮಾಡಿದಾಗ ನಾನು ಕಣದಲ್ಲಿ ಕಾಳುಮೆಣಸು ಹರವುತ್ತಿದ್ದೆ. ಏಪ್ರಿಲ್ ತಿಂಗಳು, ಶಾಲೆಗಳಿಗೆ ರಜೆ ಕೊಟ್ಟು ಎರಡು ದಿನವಾಗಿತ್ತು. ಅವಳು ಕೆ. ಹೊಸಕೋಟೆ ಹತ್ತಿರದ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆಯ ಟೀಚರು. ಎರಡು ಹೆಣ್ಣುಮಕ್ಕಳು, ದೊಡ್ಡವಳಿಗೆ ಏಳು, ಚಿಕ್ಕವಳಿಗೆ ನಾಲ್ಕು.

“ಅಕ್ಕ, ಹಾಸನದಲ್ಲಿ ಹತ್ತು ದಿನ ಟ್ರೈನಿಂಗ್ ಹಾಕ್ಬುಟ್ಟವ್ರೆ. ಇವ್ರಿಗೂ ರಜ ಸಿಗಲ್ವಂತೆ,” ಎಂದಳು. ಆಮೇಲೆ, “ಮಕ್ಳನ್ನ ನಿನ್ ಹತ್ರ ಬಿಡ್ಲಾ?”

“ಬಿಡು, ಅದೇನ್ ಕೇಳ್ತೀಯ,” ಎಂದೆ. ಫೋನ್ ಇಟ್ಟವಳು ಕಣದ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಒಂದು ವರ್ಷದಿಂದ ಅವಳು ಮಕ್ಕಳನ್ನು ನಮ್ಮ ಮನೆಗೆ ಕಳಿಸಿರಲಿಲ್ಲ. ಕಳಿಸು ಎಂದು ಕೇಳುವ ಧೈರ್ಯ ನನಗೂ ಬಂದಿರಲಿಲ್ಲ.

ಹಿಂದಿನ ವರ್ಷ ಇದೇ ರಜೆಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ಮಧ್ಯಾಹ್ನ ಹನ್ನೆರಡರ ಹೊತ್ತು. ನಾನು ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿ, ಬಟ್ಟೆ ಹಿಡಿದು, ಬಚ್ಚಲ ಕಡೆಗೆ ಬಗ್ಗಿ ಗಂಜಿ ಬಸಿಯುತ್ತಿದ್ದೆ. ಅಂಗಳದಿಂದ ಓಡಿ ಬಂದ ದೊಡ್ಡವಳು ಹಿಂದಿನಿಂದ ನನ್ನ ಸೊಂಟ ತಬ್ಬಿಕೊಂಡಳು. ತಟ್ಟೆ ಜಾರಿತು. ಕುದಿಯುವ ಗಂಜಿ ಅವಳ ಎಡಗೈ ಮೇಲೆ, ಮೊಣಕೈಯಿಂದ ಬೆರಳಿನವರೆಗೂ ಇಳಿಯಿತು. ಅವಳನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ಕೈ ಹಿಡಿದದ್ದು ನೆನಪಿದೆ. ಅತ್ತೆ ಬೆಣ್ಣೆ ತಂದದ್ದು, “ಬೇಡ, ಬೇಡ, ನೀರು ಬಿಡಿ,” ಎಂದು ನಾನು ಕಿರುಚಿದ್ದು ನೆನಪಿದೆ. ವನಗೂರಿನ ಕಡೆಯ ನಮ್ಮ ಇಳಿಜಾರು ರಸ್ತೆಯಲ್ಲಿ ನನ್ನ ಗಂಡ ಜೀಪು ಇಳಿಸಿದರು. ಸಕಲೇಶಪುರದ ಆಸ್ಪತ್ರೆ ಮುಟ್ಟುವವರೆಗೂ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒದ್ದೆ ಬಟ್ಟೆ ಬದಲಿಸುತ್ತ, ಅಳುತ್ತ ಕುಳಿತಿದ್ದೆ. ನೀರು ಬಿಟ್ಟದ್ದು ಒಳ್ಳೆಯದಾಯಿತು, ಗಾಯ ಆಳಕ್ಕೆ ಹೋಗಿಲ್ಲ ಎಂದರು ಡಾಕ್ಟರು. ಎರಡು ತಿಂಗಳಲ್ಲಿ ವಾಸಿಯೂ ಆಯಿತು. ಮುಂಗೈ ಮೇಲೆ ನಸುಬಿಳಿ ಕಲೆ ಮಾತ್ರ ಉಳಿಯಿತು.

ತಂಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ದಿನದಿಂದ ನಾನು ಅನ್ನ ಬಸಿಯುವುದನ್ನು ಬಿಟ್ಟು ಕುಕ್ಕರ್ ಇಡತೊಡಗಿದೆ. ಅತ್ತೆಗೆ ಕುಕ್ಕರಿನ ಅನ್ನ ಸೇರುವುದಿಲ್ಲ. ಆದರೂ ಅವರು ಗೊಣಗದೆ ಉಂಡರು.

ಮಕ್ಕಳನ್ನು ಬಾಳ್ಳುಪೇಟೆಯಲ್ಲಿ ಇಳಿಸಿಕೊಳ್ಳುವುದೆಂದು ಮಾತಾಗಿತ್ತು. ಲಾರಿಗಳ ಧೂಳಿನ ನಡುವೆ, ಬೇಕರಿಯ ಮುಂದೆ ತಂಗಿ ಇಬ್ಬರ ಕೈಯನ್ನೂ ಹಿಡಿದು ನಿಂತಿದ್ದಳು. ಅವಳಿಗೆ ಹಾಸನದ ಬಸ್ಸು ಹಿಡಿಯುವ ಅವಸರ. “ದೊಡ್ಡೋಳು ಅಡಿಗೆಮನೆಗೆ ಬರಲ್ಲ ಅಕ್ಕ. ನಮ್ಮನೇಲೂ ಅಷ್ಟೆ. ಬಲವಂತ ಮಾಡ್ಬೇಡ,” ಎಂದಳು. ನಾನು ತಲೆಯಾಡಿಸಿದೆ. ಆ ಬಿಸಿಲಲ್ಲೂ ದೊಡ್ಡವಳಿಗೆ ತುಂಬು ತೋಳಿನ ಅಂಗಿ ಹಾಕಿತ್ತು. ಅವಳು ಎಡಗೈಯನ್ನು ತೋಳಿನ ಒಳಗೇ ಮಡಚಿಕೊಂಡಿದ್ದಳು.

ತಂಗಿ ಹೇಳಿದ್ದು ನಿಜ. ಮನೆಗೆ ಬಂದ ಹುಡುಗಿ ಅಡಿಗೆಮನೆಯ ಹೊಸ್ತಿಲವರೆಗೆ ಬಂದು, ಅಲ್ಲಿ ನಿಂತುಬಿಟ್ಟಳು. ನೀರು ಬೇಕಾದರೆ ಚಿಕ್ಕವಳನ್ನು ಕಳಿಸುವಳು. ಊಟ ಜಗಲಿಯಲ್ಲಿ. ಮೂರು ದಿನ ಹೀಗೇ ನಡೆಯಿತು. ನಾನು ಒಲೆಯ ಮುಂದೆ ನಿಂತಿದ್ದರೆ ಅವಳ ಕಣ್ಣು ನನ್ನ ಬೆನ್ನ ಮೇಲೆಯೇ ಇರುತ್ತಿತ್ತು. ತಿರುಗಿ ನೋಡಿದರೆ ಅತ್ತ ಮುಖ ಮಾಡುವಳು. ನನ್ನ ಮೇಲೆ ಅವಳಿಗೆ ಭಯ ಅಂದುಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ಚಿಕ್ಕವಳು ಹಟ ಹಿಡಿದು ಕುಳಿತಳು. ಟಿವಿ ಇಲ್ಲ, ಕರೆಂಟು ಹೋಗಿತ್ತು. “ಏನಾದ್ರೂ ಆಟ ಆಡ್ಸು ದೊಡ್ಡಮ್ಮ,” ಎಂದು ಸೆರಗು ಎಳೆದಳು. ನಮಗೆ ಮಕ್ಕಳಿಲ್ಲ, ಇಷ್ಟು ಚಿಕ್ಕವರನ್ನು ಇಡೀ ದಿನ ಆಡಿಸುವ ಅಭ್ಯಾಸ ನನಗಿರಲಿಲ್ಲ. ನನಗೆ ಗೊತ್ತಿದ್ದದ್ದು ಪಿಯುಸಿಯಲ್ಲಿ ಓದಿದ ಚೂರುಪಾರು ವಿಜ್ಞಾನ. ಮದುವೆಯಾದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ. ಒಂದು ಸ್ಟೀಲ್ ತಟ್ಟೆಗೆ ನೀರು ಹಾಕಿ ಜಗಲಿಗೆ ತಂದಿಟ್ಟೆ. ಕುಟ್ಟಿದ ಮೆಣಸು ಉದುರಿಸಿ, ಬೆರಳಿಗೆ ಪಾತ್ರೆ ತೊಳೆಯುವ ಸೋಪು ಮೆತ್ತಿಕೊಂಡು, “ಈಗ ನೋಡ್ರಿ,” ಎಂದೆ. ಮೆಣಸೆಲ್ಲ ತಳಕ್ಕೆ ಮುಳುಗಿ ಕುಳಿತಿತ್ತು. ಏನೂ ಆಗಲಿಲ್ಲ.

“ಇಷ್ಟೇನಾ?” ಎಂದಳು ಚಿಕ್ಕವಳು.

ಕಂಬಕ್ಕೆ ಒರಗಿ ನಿಂತಿದ್ದ ದೊಡ್ಡವಳು ಬಂದ ಮೇಲೆ ಮೊದಲ ಸಲ ತಾನಾಗಿ ಮಾತಾಡಿದಳು. “ದಪ್ಪ ಐತೆ. ಅದ್ಕೇ ಮುಳುಗ್ತು.”

ಅವಳ ಮಾತು ಸರಿಯಾಗಿತ್ತು. ಮೆಣಸನ್ನು ನುಣ್ಣಗೆ ಕುಟ್ಟಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ತಂದೆ. ಈ ಸಲ ಪುಡಿ ನೀರಿನ ಮೇಲೆ ತೆಳುವಾಗಿ ಹರಡಿಕೊಂಡಿತು. ಸೋಪಿನ ಬೆರಳು ಮುಟ್ಟಿಸಿದ್ದೇ ತಡ, ಪುಡಿಯೆಲ್ಲ ಹೆದರಿದ ಕೋಳಿಮರಿಗಳ ಹಾಗೆ ತಟ್ಟೆಯ ಅಂಚಿಗೆ ಓಡಿತು. ಚಿಕ್ಕವಳು ಚಪ್ಪಾಳೆ ತಟ್ಟಿದಳು. ದೊಡ್ಡವಳು ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತಳು. “ಸೋಪಿಲ್ದೆ ಮುಟ್ಟಿದ್ರೆ ಓಡ್ತದಾ?” ಎಂದು ಕೇಳಿದಳು. ಮುಟ್ಟಿ ನೋಡು ಎಂದೆ. ಮುಟ್ಟಿದಳು, ಬಲಗೈಯಲ್ಲಿ. ಓಡಲಿಲ್ಲ. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಎರಡು ಸಾಲು ಬರೆದುಕೊಂಡಳು. ಟೀಚರ ಮಗಳು!

ಅಲ್ಲಿಂದ ಶುರುವಾಯಿತು. ಮರುದಿನ ಹಿತ್ತಲಿನ ಕೆಂಪು ದಾಸವಾಳವನ್ನು ಬಿಸಿನೀರಿನಲ್ಲಿ ನೆನೆಸಿ, ಆರಿಸಿ, ಸೋಸಿ, ಆ ನೀರನ್ನು ನಾಲ್ಕು ಗಾಜಿನ ಲೋಟಗಳಲ್ಲಿ ಜಗಲಿಗೆ ಕೊಟ್ಟೆ. ನಿಂಬೆಯಂಥ ಹುಳಿಯ ಹೇರಳೆಕಾಯಿಯ ರಸ ಬಿದ್ದ ಲೋಟ ಕಡುಗೆಂಪಾಯಿತು. ಅಡಿಗೆ ಸೋಡ ಬಿದ್ದದ್ದು ಹಸಿರಾಯಿತು. ಎಲೆಯಡಿಕೆ ಹಾಕುತ್ತ ಕುಳಿತಿದ್ದ ನಮ್ಮತ್ತೆ ಇದನ್ನೆಲ್ಲ ಓರೆಗಣ್ಣಲ್ಲಿ ನೋಡುತ್ತಿದ್ದರು. “ಇದೇನ್ ದೊಡ್ಡ ವಿದ್ಯೆ? ತಗೊಳ್ರಿ,” ಎಂದು ಸುಣ್ಣದ ಡಬ್ಬಿಯನ್ನು ಮಕ್ಕಳ ಮುಂದೆ ತಳ್ಳಿದರು. “ಅರಿಶಿನದ ನೀರಿಗೆ ಹಾಕಿ ನೋಡ್ರಿ. ಮದ್ವೆ ಮನೇಲಿ ಓಕುಳಿ ಮಾಡೋದು ಹಂಗೇ.” ಅರಿಶಿನದ ನೀರು ಸುಣ್ಣ ಬಿದ್ದೊಡನೆ ರಕ್ತದ ಬಣ್ಣಕ್ಕೆ ತಿರುಗಿತು. ದೊಡ್ಡವಳು ಅದಕ್ಕೆ ಹೇರಳೆಕಾಯಿ ಹಿಂಡಿದಳು. ನೀರು ಮತ್ತೆ ಹಳದಿಯಾಯಿತು. ಅತ್ತೆಯ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಅರವತ್ತು ವರ್ಷ ಓಕುಳಿ ಮಾಡಿದ ಹೆಂಗಸು, ಅದನ್ನು ವಾಪಸು ಹಳದಿ ಮಾಡಬಹುದೆಂದು ಅವರಿಗೂ ಗೊತ್ತಿರಲಿಲ್ಲ. “ಎಲಾ ಇವ್ಳ! ಇನ್ನೊಂದ್ಸಲ ಮಾಡೇ,” ಎಂದರು.

ಸಂಜೆ ನನ್ನ ಗಂಡ ತೋಟದಿಂದ ಬಂದಾಗ ದೊಡ್ಡವಳು ಅವರನ್ನೂ ಎಳೆದುಕೊಂಡಳು. ಕಾಫಿ ಗಿಡದ ಬುಡದ ಮಣ್ಣು ಹುಳಿಯಾಗಿರುತ್ತದೆ, ಅದಕ್ಕೇ ಸುಣ್ಣ ಹಾಕುತ್ತೇವೆ ಎಂದು ಅವರು ವಿವರಿಸಿದರು. ಹಾಗಾದರೆ ಮಣ್ಣು ಹಾಕಿದರೂ ದಾಸವಾಳದ ನೀರು ಕೆಂಪಾಗಬೇಕಲ್ಲ? ಒಂದು ಹಿಡಿ ಮಣ್ಣು ತಂದು ಹಾಕಿದರು. ನೀರು ಬಗ್ಗಡವಾಯಿತು. ಎಷ್ಟು ನೋಡಿದರೂ ಬಣ್ಣ ತಿಳಿಯಲಿಲ್ಲ. ಅವಳು ನೋಟ್‌ಬುಕ್ಕಿನಲ್ಲಿ ‘ಮಣ್ಣು: ಗೊತ್ತಾಗಲಿಲ್ಲ’ ಎಂದು ಬರೆದಳು.

“ಹುಳಿ ಅಂತ ಬರ್ಕೊಳೆ ಪುಟ್ಟಿ, ನಾನ್ ಹೇಳ್ತೀನಲ್ಲ,” ಎಂದರು ಇವರು.

“ನೀನ್ ಹೇಳಿದ್ದು ದೊಡ್ಡಪ್ಪ, ನಾನ್ ನೋಡ್ಲಿಲ್ಲ,” ಎಂದಳು.

ಇವರು ಬಿದ್ದುಬಿದ್ದು ನಕ್ಕರು. ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ನಗು ಕೇಳಿ ಬಹಳ ದಿನವಾಗಿತ್ತು.

ಆದರೆ ಹೊಸ್ತಿಲು ಹಾಗೇ ಇತ್ತು. ಸಾಮಾನುಗಳು ಅಡಿಗೆಮನೆಯಿಂದ ಜಗಲಿಗೆ ಬರುತ್ತಿದ್ದವು, ಅವಳು ಒಳಗೆ ಬರುತ್ತಿರಲಿಲ್ಲ. ಏನು ಬೇಕೋ ಅಲ್ಲಿಂದಲೇ ಕೂಗಿ ಹೇಳುವಳು. ಚಿಕ್ಕವಳು ತಂದುಕೊಡುವಳು, ಅರ್ಧ ಚೆಲ್ಲುತ್ತ.

ಆರನೆಯ ದಿನ ನಾನೊಂದು ತಪ್ಪು ಮಾಡಿದೆ. ಒಂದು ಉದ್ದನೆಯ ಸ್ಟೀಲ್ ಲೋಟಕ್ಕೆ ಅರ್ಧದಷ್ಟು ಹೇರಳೆಕಾಯಿಯ ರಸ ಹಿಂಡಿ ತಂದೆ. ಏನಾಗುತ್ತದೆಂದು ಮೊದಲೇ ಹೇಳದೆ, ಎರಡು ಚಮಚ ಅಡಿಗೆ ಸೋಡ ಒಟ್ಟಿಗೆ ಸುರಿದೆ. ಬುಸ್ಸೆಂದು ನೊರೆ ಉಕ್ಕಿತು. ಗಂಜಿ ಉಕ್ಕುವ ಹಾಗೆಯೇ ಬೆಳ್ಳಗೆ ಬಾಯಿಯವರೆಗೂ ಬಂದು ಲೋಟದ ಹೊರಗೆ ಇಳಿಯಿತು. ಚಿಕ್ಕವಳು ಖುಷಿಯಿಂದ ಕಿರುಚಿದಳು. ದೊಡ್ಡವಳು ಎರಡೂ ಕೈ ಎದೆಗೊತ್ತಿಕೊಂಡು ಹಿಂದೆ ಹಾರಿದಳು. ಬೆನ್ನು ಕಂಬಕ್ಕೆ ಬಡಿಯಿತು. ಅವಳ ಮುಖ ಬಿಳಿಚಿಕೊಂಡಿತ್ತು.

“ಮುಟ್ಬೇಡ! ಮುಟ್ಬೇಡ!” ಎಂದು ಕೂಗಿದಳು, ಚಿಕ್ಕವಳನ್ನಲ್ಲ, ನನ್ನನ್ನು ನೋಡಿ.

ನಾನು ಎಂಥ ಹೆಡ್ಡಿ ಎಂದು ಆಗ ಹೊಳೆಯಿತು. ಕುದಿಯುವುದನ್ನು ಕಂಡು ಹೆದರುವ ಮಗುವಿನ ಮುಂದೆ ಕುದಿಯುವ ಲೋಟ ತಂದಿಟ್ಟಿದ್ದೆ. ಅದನ್ನು ಎತ್ತಿ ಅಂಗಳಕ್ಕೆ ಎಸೆಯಲೆಂದು ಹಿಡಿದೆ. ಹಿಡಿದ ಕೈ ಅಲ್ಲೇ ನಿಂತಿತು. ಲೋಟ ತಣ್ಣಗಿತ್ತು. ಮೊದಲು ಇದ್ದದ್ದಕ್ಕಿಂತಲೂ ತಣ್ಣಗಿತ್ತು. ಹುಳಿಯೂ ಸೋಡವೂ ಸೇರಿದಾಗ ಶಾಖ ಎಳೆದುಕೊಳ್ಳುತ್ತವೆ ಎಂದು ಎಂದೋ ಓದಿದ್ದು ಕೈಗೆ ನೆನಪಾಯಿತೇ ಹೊರತು ತಲೆಗಲ್ಲ.

“ಇದು ಸುಡಲ್ಲ ಕಂದ,” ಎಂದೆ. “ಕುದಿಯೋ ಹಂಗೆ ಕಾಣ್ತದೆ ಅಷ್ಟೆ. ನೋಡು, ನಾನ್ ಹಿಡ್ಕೊಂಡಿದೀನಿ.”

ಅವಳು ನಂಬಲಿಲ್ಲ. ನಾನು ಲೋಟವನ್ನು ನನ್ನ ಕೆನ್ನೆಗೆ ಒತ್ತಿಕೊಂಡೆ. ಚಿಕ್ಕವಳು ತನ್ನ ಕೆನ್ನೆಗೂ ಒತ್ತಿಸಿಕೊಂಡು, “ಐಸ್ ಥರ ಐತೆ!” ಎಂದು ಹೆಚ್ಚು ಮಾಡಿ ಹೇಳಿದಳು. ದೊಡ್ಡವಳು ಸ್ವಲ್ಪಸ್ವಲ್ಪವೇ ಮುಂದೆ ಬಂದಳು. ಒಂದು ಬೆರಳು ತಾಗಿಸಿ ತೆಗೆದಳು. ಮತ್ತೆ ತಾಗಿಸಿದಳು. ಆಮೇಲೆ ತೋಳಿನೊಳಗಿಂದ ಎಡಗೈ ಹೊರಗೆ ಬಂತು. ಕಲೆಯಿದ್ದ ಆ ಪುಟ್ಟ ಕೈಯನ್ನೂ ಬಲಗೈಯನ್ನೂ ಲೋಟಕ್ಕೆ ಸುತ್ತಿ ಹಿಡಿದುಕೊಂಡಳು. ನೊರೆ ಇನ್ನೂ ಸಣ್ಣಗೆ ಗುಳುಗುಳು ಎನ್ನುತ್ತಿತ್ತು.

“ಕುದೀತಾ ಐತೆ. ಆದ್ರೆ ತಣ್ಣಗೈತೆ,” ಎಂದಳು.

ಆ ಬೆಳಿಗ್ಗೆ ನಾವು ಹೇರಳೆಕಾಯಿ ಮುಗಿಯುವವರೆಗೂ ಅದನ್ನೇ ಮಾಡಿದೆವು. ಅವಳು ತೋಳನ್ನು ಮೊಣಕೈವರೆಗೆ ಮಡಚಿಕೊಂಡಿದ್ದಳು. ನಾನು ಅದನ್ನು ನೋಡಿಯೂ ನೋಡದವಳ ಹಾಗಿದ್ದೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವಳಿಗೊಂದು ಪ್ರಶ್ನೆ ಬಂತು. ಉಳಿದಿದ್ದ ರಸದಲ್ಲಿ ಸ್ವಲ್ಪವನ್ನು ತಣ್ಣನೆಯ ಹಾಲಿಗೆ ಹಾಕಿ ನೋಡಿದ್ದಳು. ಹಾಲು ಸ್ವಲ್ಪ ದಪ್ಪಗಾಗಿ, ಸಣ್ಣ ಸಣ್ಣ ಕಾಳು ಕಟ್ಟಿ ಸುಮ್ಮನಾಗಿತ್ತು. “ಬಿಸಿ ಹಾಲಿಗೆ ಹಾಕಿದ್ರೆ?” ಎಂದು ಕೇಳಿದಳು.

“ಚೆನ್ನಾಗಿ ಒಡೆಯುತ್ತೆ. ಗಟ್ಟಿ ಬೇರೆ, ನೀರು ಬೇರೆ.”

“ನಾನ್ ನೋಡ್ಬೇಕು.”

“ಕಾಯಿಸಿ ಜಗಲಿಗೆ ತರ್ತೀನಿ,” ಎಂದೆ. ಅಷ್ಟರಲ್ಲಿ ಅವಳ ಮುಖ ಮತ್ತೆ ಬಿಗಿದುಕೊಂಡಿತು. “ಬೇಡ, ನೀನು ಬಿಸಿದು ಎತ್ಕೊಂಡ್ ಬರ್ಬೇಡ,” ಎಂದಳು.

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಕೇಳಲೋ ಬೇಡವೋ ಎಂದು ಆರು ದಿನ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ. “ಅಡಿಗೆಮನೆಗೆ ಯಾಕ್ ಬರಲ್ಲ ಪುಟ್ಟಿ? ಬೆಂಕಿ ಅಂದ್ರೆ ಭಯನಾ?”

ಇಲ್ಲ ಎಂದು ತಲೆಯಾಡಿಸಿದಳು.

“ನಾನಂದ್ರೆ ಭಯನಾ?”

ಅದಕ್ಕೂ ಇಲ್ಲ. ಅನ್ನದ ಅಗುಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸುತ್ತ, ತಲೆ ಎತ್ತದೆ ಹೇಳಿದಳು: “ನಾನ್ ಬಂದ್ರೆ ನಿಂಗೆ ಸುಡ್ತದೆ. ಅವತ್ತು ನಾನು ಓಡ್ ಬಂದು ತಬ್ಕೊಂಡೆ, ಅದ್ಕೇ ನಿನ್ ಕಾಲು ಸುಟ್ಟೋಯ್ತು. ಜೀಪಲ್ಲಿ ನೀನು ಅಳ್ತಾನೇ ಇದ್ದೆ.”

ಅಂದು ನನ್ನ ಪಾದದ ಮೇಲೂ ಒಂದಿಷ್ಟು ಗಂಜಿ ಬಿದ್ದಿತ್ತು, ಎರಡು ಬೊಬ್ಬೆ ಎದ್ದು ವಾರದಲ್ಲಿ ಮಾಯವಾಗಿದ್ದವು. ಅದು ನನಗೆ ಮರೆತೇ ಹೋಗಿತ್ತು. ಆ ಬೊಬ್ಬೆಗಳನ್ನು ಈ ಮಗು ಒಂದು ವರ್ಷ ಹೊತ್ತುಕೊಂಡು ತಿರುಗಿತ್ತು. ಮೂರು ದಿನ ನನ್ನ ಬೆನ್ನ ಮೇಲೆ ಕಣ್ಣಿಟ್ಟಿದ್ದು ಭಯದಿಂದಲ್ಲ, ಕಾವಲಿಗೆ.

“ಕಂದ,” ಎಂದೆ, “ನಾನ್ ಅತ್ತಿದ್ದು ನಿನ್ ಕೈ ನೋಡಿ ಕಣೆ. ನನ್ ಕಾಲಿಗೆ ಏನೂ ಆಗಿರ್ಲಿಲ್ಲ. ತಪ್ಪು ನಂದು. ಅಷ್ಟು ಬಿಸಿದು ಬಗ್ಗಿಸೋವಾಗ ಹಿಂದೆ ಯಾರವ್ರೆ ಅಂತ ನಾನು ನೋಡ್ಬೇಕಿತ್ತು. ತಬ್ಕೊಂಡಿದ್ದು ತಪ್ಪಲ್ಲ.”

ಅವಳು ಬಹಳ ಯೋಚನೆ ಮಾಡಿದಳು. ಆಮೇಲೆ ಗಂಭೀರವಾಗಿ, “ಹೌದು, ನೋಡ್ಬೇಕಿತ್ತು,” ಎಂದಳು.

“ಹೌದು, ನೋಡ್ಬೇಕಿತ್ತು,” ಎಂದೆ ನಾನೂ. ಒಂದು ವರ್ಷದಲ್ಲಿ ಯಾರೂ ನನಗೆ ಈ ಮಾತು ಹೇಳಿರಲಿಲ್ಲ. ಏಳು ವರ್ಷದ ಹುಡುಗಿ ಮುಖ ನೋಡಿ ಹೇಳಿದಾಗ ಎದೆಯ ಮೇಲಿನ ಕಲ್ಲೊಂದು ಸರಿದ ಹಾಗಾಯಿತು. ಕಣ್ಣೀರು ಬಂತು. ಅವಳು ಗಾಬರಿಯಾಗಬಾರದೆಂದು, ಉಪ್ಪಿನಕಾಯಿ ಖಾರ ಎಂದು ಸುಳ್ಳು ಹೇಳಿ ನೀರು ಕುಡಿದೆ.

ಅಂದು ಸಂಜೆ ನನ್ನ ಗಂಡ ಅಡಿಗೆಮನೆಯ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆದರು, ಗ್ಯಾಸ್ ಕಟ್ಟೆಯಿಂದ ನಾಲ್ಕು ಹೆಜ್ಜೆ ದೂರಕ್ಕೆ. ಒಲೆ ಉರಿಯುವಾಗ ಮಕ್ಕಳು ಗೆರೆಯ ಈಚೆ; ಬಿಸಿ ಪಾತ್ರೆ ಎತ್ತುವ ಮೊದಲು ನಾನು “ಬಿಸಿ” ಎಂದು ಕೂಗಬೇಕು, ಮಕ್ಕಳು “ಗೆರೆ” ಎಂದು ಉತ್ತರ ಕೊಡಬೇಕು, ಆಮೇಲೇ ಎತ್ತುವುದು. ಈ ನಿಯಮ ದೊಡ್ಡವಳದೇ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು ನಮಗೆಲ್ಲ ಓದಿ ಹೇಳಿದಳು.

ಹೊಸ್ತಿಲಲ್ಲಿ ಅವಳು ನಿಂತಳು. ಒಂದು ಕಾಲು ಒಳಗಿಟ್ಟು ನನ್ನ ಮುಖ ನೋಡಿದಳು. ನಾನು ಬಾ ಎನ್ನಲಿಲ್ಲ. ಬಲವಂತ ಮಾಡಬೇಡ ಎಂದಿದ್ದಳಲ್ಲ ತಂಗಿ. ಹಾಲಿನ ಪಾತ್ರೆಯ ಕಡೆಗೆ ತಿರುಗಿದೆ. ಮತ್ತೆ ನೋಡುವಾಗ ಅವಳು ಗೆರೆಯ ಹತ್ತಿರ ನಿಂತಿದ್ದಳು, ಹೆಬ್ಬೆರಳುಗಳನ್ನು ಗೆರೆಗೆ ಸರಿಯಾಗಿ ತಾಗಿಸಿ.

ಹಾಲು ಕಾಯಿತು. “ಬಿಸಿ!” ಎಂದೆ. “ಗೆರೆ!” ಎಂದವು ಎರಡು ದನಿ. ಜಗಲಿಯಿಂದ ಅತ್ತೆಯೂ “ಗೆರೆ!” ಎಂದರು. ಪಾತ್ರೆಯನ್ನು ಕೆಳಗೆ ಮಣೆಯ ಮೇಲಿಟ್ಟು, ಒಲೆ ಆರಿಸಿ, ಅವಳನ್ನು ಕರೆದೆ. ಅವಳು ಕೈಯುದ್ದ ದೂರದಲ್ಲಿ ಕುಳಿತು, ಉದ್ದನೆಯ ಸೌಟಿನಲ್ಲಿ ರಸ ಬಿಟ್ಟಳು. ಹಾಲು ಮೊದಲು ಮುದುಡಿತು, ಆಮೇಲೆ ಬಿಳಿಯ ಮುದ್ದೆಗಳು ಬಿಡಿಸಿಕೊಂಡು ತೇಲಿದವು. ನಡುವೆ ತಿಳಿಹಸಿರು ನೀರು. ಅವಳ ಬಾಯಿ ತೆರೆದೇ ಇತ್ತು. ಗಟ್ಟಿಯನ್ನು ಬಟ್ಟೆಯಲ್ಲಿ ಸೋಸಿ ಬೆಲ್ಲ ಬೆರೆಸಿಕೊಟ್ಟೆ. ಅತ್ತೆ, “ಒಳ್ಳೆ ಹಾಲು ಒಡೆದ್ಬುಟ್ರಲ್ಲೇ,” ಎಂದು ಬೈಯುತ್ತಲೇ ಎರಡು ಸಲ ಹಾಕಿಸಿಕೊಂಡರು.

ಹತ್ತು ದಿನ ಮುಗಿದ ಮೇಲೆ ತಂಗಿ ಬಂದಳು. ಜೀಪಿನಿಂದ ಇಳಿದವಳು ಮಕ್ಕಳೆಲ್ಲಿ ಎಂದು ಕೇಳಿದಳು. ಅಡಿಗೆಮನೆಯಲ್ಲಿ ಎಂದೆ. ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿದಳು. ದೊಡ್ಡವಳು ನೆಲದ ಮೇಲೆ ಕುಳಿತು, ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸಲು ಒಂದೊಂದೇ ಚಮಚ ಉಪ್ಪು ಹಾಕುತ್ತಿದ್ದಳು. “ಅಮ್ಮ, ಗೆರೆ ದಾಟ್ಬೇಡ, ದೊಡ್ಡಮ್ಮ ಹಪ್ಪಳ ಸುಡ್ಬೇಕು,” ಎಂದಳು. ತಂಗಿ ಗೆರೆಯ ಈಚೆ, ಕೈಯಲ್ಲಿ ಬ್ಯಾಗ್ ಹಿಡಿದೇ, ಕುಳಿತುಕೊಂಡಳು.

ಕಾಫಿ ಕುಡಿಯುತ್ತ ನಾವಿಬ್ಬರೂ ಹಿತ್ತಲಿನ ಕಲ್ಲಿನ ಮೇಲೆ ಕುಳಿತೆವು. ದೊಡ್ಡವಳು ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ನನ್ ಮೇಲೆ ಕೋಪ ಇತ್ತಾ?” ಎಂದೆ.

“ಇತ್ತು,” ಎಂದಳು. “ಒಂದ್ ತಿಂಗಳು. ಸುಳ್ಯಾಕೆ ಹೇಳ್ಲಿ. ಆಮೇಲೆ ನೀನೇ ಫೋನ್ ಮಾಡೋದ್ ಬಿಟ್ಬುಟ್ಟೆ. ಮಕ್ಳನ್ನ ಕರೀಲೂ ಇಲ್ಲ. ನಮ್ ಮಕ್ಳ ಜವಾಬ್ದಾರಿ ಅಕ್ಕಂಗೆ ಬೇಡವಾಯ್ತು ಅಂದ್ಕೊಂಡೆ.”

“ನಿಂಗೆ ನನ್ ಮುಖ ನೋಡೋಕ್ ಇಷ್ಟ ಇಲ್ಲ ಅಂದ್ಕೊಂಡಿದ್ದೆ ನಾನು.”

“ಒಳ್ಳೆ ಅಕ್ಕ ಸಿಕ್ದೆ ಮಾರಾಯ್ತಿ,” ಎಂದು ನನ್ನ ತೊಡೆಗೆ ಒಂದೇಟು ಹೊಡೆದಳು. ಅಳುತ್ತಿದ್ದಳೋ ನಗುತ್ತಿದ್ದಳೋ. ಕಾಫಿ ಚೆಲ್ಲಿತು. ಅದು ಆಗಲೇ ಆರಿ ತಣ್ಣಗಾಗಿತ್ತು.

ಮರುದಿನ ಹೊರಡುವಾಗ ತಂಗಿ ಮಕ್ಕಳ ಬಟ್ಟೆ ಮಡಚಿ ಬ್ಯಾಗಿಗೆ ತುಂಬಿದಳು. ದೊಡ್ಡವಳು ಅದನ್ನು ಹಾಗೇ ಒಂದೊಂದಾಗಿ ಹೊರಗೆ ತೆಗೆದಳು. ಮೊಟ್ಟೆಯ ಸಿಪ್ಪೆ ಕರಗಿಸಲು ವಿನಿಗರಿನಲ್ಲಿ ಹಾಕಿಟ್ಟಿದ್ದಳಂತೆ, ಎರಡು ದಿನ ಬೇಕಂತೆ. ತಂಗಿ ನನ್ನ ಕಡೆ ನೋಡಿದಳು. “ಇವ್ರು ಇನ್ನೊಂದ್ ವಾರ ಇಲ್ಲೇ ಇರ್ಲಾ ಅಕ್ಕ?”

“ಇರ್ಲಿ,” ಎಂದೆ.

ಅವಳನ್ನು ಬಸ್ಸಿಗೆ ಬಿಡಲು ಜೀಪು ಹೋಯಿತು. ಹೋಗುವ ಮೊದಲು ನನ್ನ ಗಂಡ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಅತ್ತೆಯನ್ನು ಮಕ್ಕಳ ಜೊತೆ ಕೂರಿಸಿದ್ದರು. ಊಟ ಮುಗಿಸಿ ನಾನು ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದೆ. ಅಡಿಗೆಮನೆಯಲ್ಲಿ ಏನೋ ಉರುಳಿದ ಸದ್ದಾಯಿತು. ಆಮೇಲೆ ಅತ್ತೆಯ ಬೈಗುಳ, ಆಮೇಲೆ ಎರಡೂ ಮಕ್ಕಳ ನಗು. ಎದ್ದು ಹೋಗಿ ನೋಡಬೇಕೆನಿಸಲಿಲ್ಲ. ಪಕ್ಕಕ್ಕೆ ಹೊರಳಿ, ಸಂಜೆ ಐದರವರೆಗೂ ನಿದ್ದೆ ಮಾಡಿದೆ.